ತಲೆಬರಹವಿಲ್ಲದ ಕಾಲಂ

ಬೈತಖೋಲಿನ ಐಸ್ ಫ್ಯಾಕ್ಟರಿಯಲ್ಲಿ
ಹತ್ತೊಂಬತ್ತು ವರ್ಷ ಲೆಕ್ಕ ಬರೆದವನು ನಾನು.
ಒದ್ದೆಯಾಗಿ ಒಣಗಿ, ಮತ್ತೆ ಒದ್ದೆಯಾಗಿ
ಹಪ್ಪಳದ ಹಾಗೆ ಸೊಟ್ಟಗಾಗಿವೆ ರಿಜಿಸ್ಟರಿನ ಹಾಳೆಗಳು.
ಒಳಗೆ ಮಾತ್ರ ಒಂದು ಟನ್ನೂ ಕರಗಿಲ್ಲ.

ಆಚೆ ದಿಬ್ಬದಲ್ಲಿ ಪೆಡ್ನೇಕರರ ಹೊಸ ಫ್ಯಾಕ್ಟರಿ ಎದ್ದಿತು.
ಗಾಜಿನ ಕೋಣೆ, ಗೋಡೆಯಗಲದ ಪರದೆ,
ಪರದೆಯ ಮೇಲೆ ಏರಿಳಿಯುವ ಹಸಿರು ಕೆಂಪು ಕಂಬ.
ಏನು ಏರಿತು, ಏನು ಇಳಿಯಿತು ಅಂತ ಕೇಳಿದರೆ
ಅಲ್ಲಿಯ ಹುಡುಗ ಪುಣೆಗೆ ಫೋನು ಹಚ್ಚುತ್ತಿದ್ದ.

ನಮ್ಮ ಶಕುಂತಲಾಬಾಯಿ ಹೋಗಿ ನೋಡಿದರು,
ಅವರದೇ ಚಹಾ ಕುಡಿದು ಬಂದರು.
ಮಾರನೇ ದಿನ ನನ್ನ ಮೇಜಿನೆದುರು ಕುಳಿತು,
‘ಪುರ್ಸು, ಯಂತ್ರ ಆಮೇಲೆ ತರುವಾ.
ಯಾವುದು ಗೊತ್ತಿಲ್ಲದೆ ನಾವು ಸೋಲುತ್ತಿದ್ದೇವೆ,
ಅದನ್ನು ಮೊದಲು ಬರಿ.’

ಮೂರು ದಿನ ಪೆನ್ನು ಕಚ್ಚಿದೆ.
ಗೊತ್ತಿಲ್ಲದ್ದು ಒಂದೇ:
ನಾಳೆ ಎಷ್ಟು ಬೋಟು ಬಂದಾವು?
ಇವತ್ತು ಐಸು ಮಿಕ್ಕಿ ಗಟಾರಕ್ಕೆ,
ನಾಳೆ ಐಸಿಲ್ಲದೆ ಧಕ್ಕೆಯ ಮೇಲೆ
ಬಂಗಡೆಯ ಕಣ್ಣು ಬೆಳ್ಳಗೆ.

ಉತ್ತರ ಡೀಸೆಲ್ ಬಂಕಿನ ಮೋಟುಚೀಟಿಯಲ್ಲಿತ್ತು,
ಕಿರಾಣಿ ಅಂಗಡಿಯ ಉದ್ರಿ ವಹಿಯಲ್ಲಿತ್ತು.
ಎಂಟುನೂರು ಲೀಟರ್ ತುಂಬಿಸಿದವ ಇಂದೇ ತಿರುಗುವುದಿಲ್ಲ.
ನಾಕು ದಿನದ ಅಕ್ಕಿ ಒಯ್ದವ ಎರಡಕ್ಕೇ ಬಂದನೆಂದರೆ
ಒಂದೋ ಬಲೆ ತುಂಬಿದೆ,
ಇಲ್ಲವೋ ಹರಿದಿದೆ.

ಮಾಜಾಳಿಯ ಅಸ್ಮಿತಾ, ಇನ್ನೂ ಪಾಲಿಟೆಕ್ನಿಕ್ ಹುಡುಗಿ,
ಹಳೇ ಕಂಪ್ಯೂಟರಿನಲ್ಲೇ ಕೂಡಿಸಿಕೊಟ್ಟಳು:
ಬೋಟು, ಡೀಸೆಲ್, ಅಕ್ಕಿ, ಐಸು.
ನಾಕೇ ಕಾಲಂ.
ಸಂಜೆ ಆರಕ್ಕೆ ನಲವತ್ತು ತಾಂಡೇಲರಿಗೆ ನಮ್ಮ ಮೆಸೇಜು:
ನಾಳೆ ಐಸು ಇಷ್ಟಿದೆ, ನಿಮಗೆಷ್ಟು?
ತಿರುಗಿ ಬರುತ್ತಿದ್ದದ್ದು ದನಿ:
ಎಂಜಿನ್ನಿನ ಗದ್ದಲ, ಗಾಳಿ, ಒಂದು ಬೈಗುಳ,
ಅದರ ನಡುವೆ ಒಂದು ಅಂಕಿ.
ಸಿಪ್ಪೆ ಸುಲಿದು ಅಂಕಿಯನ್ನಷ್ಟೇ ಒಳಗೆ ಹಾಕುವುದು ನನ್ನ ಕೆಲಸ.

ಆ ವರ್ಷ ಗಟಾರಕ್ಕೆ ಐಸು ಹೋಗಲಿಲ್ಲ.

ದೀಪಾವಳಿಯೊಳಗೆ ಪೆಡ್ನೇಕರರೂ ಅದನ್ನೇ ಮಾಡಿದರು.
ಅವೇ ನಾಕು ಕಾಲಂ, ಇನ್ನೂ ದೊಡ್ಡ ಅಕ್ಷರ.
ನಲವತ್ತರಲ್ಲಿ ಹದಿಮೂರು ಬೋಟು ಅತ್ತ ವಾಲಿದವು.
‘ಆಯ್ತಲ್ಲ ಪುರ್ಸು, ನಮ್ಮ ಮುಂದಾಟ ಮೂರೇ ತಿಂಗಳು’
ಎಂದು ನಕ್ಕರು ಬಾಯಿ. ಕಣ್ಣು ನಗಲಿಲ್ಲ.

ಆಗ ವಾಸ್ಕೋದ ರಫ್ತು ಏಜೆಂಟು ಬಂದ.
ಬೂಟು ಒದ್ದೆಯಾಗದಂತೆ ನಡೆಯುವ ಮನುಷ್ಯ.
‘ಐದನೇ ಕಾಲಂ ಹಾಕಿ,’ ಅಂದ, ‘ಎಲ್ಲಿ?’
ಸುಟ್ಟ ಡೀಸೆಲ್, ಹೋದ ಗಳಿಗೆ, ಬಂದ ಗಳಿಗೆ,
ಪೆಟ್ಟಿಗೆಯ ತಳದಲ್ಲಿ ಉಳಿದ ಐಸು.
ಕೂಡಿಸಿ ಕಳೆದರೆ ಕಡಲಿನ ಯಾವ ಮಡುವಿನಲ್ಲಿ ಮೀನು
ಎಂಬುದು ತಾನೇ ಬರುತ್ತದೆ.
ಸೀಸನ್ನಿಗೆ ಎರಡು ಲಕ್ಷ.
‘ಅರ್ಧ ಗಂಟೆಯ ಕೆಲಸ,’ ಅಂದಳು ಅಸ್ಮಿತಾ,
ಅಂದ ಮೇಲೆ ತುಟಿ ಕಚ್ಚಿಕೊಂಡಳು.

ಖೇಮು ತಾಂಡೇಲ ತನ್ನ ಜಾಗವನ್ನು
ಸ್ವಂತ ತಮ್ಮನಿಗೂ ಹೇಳಿಲ್ಲ.
ಅಪ್ಪ ಸಾಯುವ ಮೊದಲು ಕಿವಿಯಲ್ಲಿ ಹೇಳಿದ್ದಂತೆ:
ದೀಪಸ್ತಂಭ ಯಾವ ಗುಡ್ಡದ ಹೆಗಲಿಗೆ ಬರಬೇಕು,
ಬಂದಾಗ ನೀರಿನ ಬಣ್ಣ ಹೇಗೆ ತಿರುಗಬೇಕು.

ಬಾಯಿ ಬಹಳ ಹೊತ್ತು ಧಕ್ಕೆಯ ಕಡೆ ನೋಡಿದರು.
‘ಮಳೆಗಾಲ ಕಳೀಲಿ, ನೋಡುವಾ.’
ಹೂಂ ಅಲ್ಲ, ಉಹೂಂ ಅಲ್ಲ.

ಆ ರಾತ್ರಿ ನಾನೇ ಗೆರೆ ಎಳೆದೆ.
ಐದನೇ ಕಾಲಂ. ತಲೆಬರಹವಿಲ್ಲ.
ತುಂಬಿಸಲಿಕ್ಕಲ್ಲ, ಸುಮ್ಮನೆ,
ಬರುತ್ತದೋ ಇಲ್ಲವೋ ನೋಡಲಿಕ್ಕೆ
ಕ್ಯಾಲೆಂಡರಿನ ಬೆನ್ನಿಗೆ ಒಂದೇ ಬೋಟಿನ ಲೆಕ್ಕ ಹಾಕಿದೆ.

ಬಂತು.

ಬೆಳಿಗ್ಗೆ ಖೇಮು ಬಂದ. ಎರಡು ಟನ್ ಹೇಳಿದ,
ತಂಗೀಸಿನ ಚೀಲದಲ್ಲಿ ಇಸೋಣದ ತುಂಡು ಮೇಜಿಗಿಟ್ಟ.
ಹತ್ತೊಂಬತ್ತು ವರ್ಷದಿಂದ ನಮ್ಮದೊಂದು ಆಟ:
‘ಎಲ್ಲಿ ಸಿಕ್ಕಿತೋ ಖೇಮು?’ ನಾನು ಕೇಳಬೇಕು,
‘ಅತ್ತೆಮನೆ ಬಾವಿಯಲ್ಲಿ’ ಎಂದು ಅವನು ನಗಬೇಕು.

ಇವತ್ತು ನಾನು ಕೇಳಲಿಲ್ಲ.
ಚೀಟಿ ಹರಿದುಕೊಟ್ಟೆ.
ಬಾಗಿಲ ತನಕ ಹೋದವನು ನಿಂತು
ಒಮ್ಮೆ ತಿರುಗಿ
ನನ್ನ ಮುಖ ನೋಡಿದ.